ನೆಲ ಮುಟ್ಟಿದರೆ

ತೀರಿಕೊಂಡ ಅಕ್ಕನ ಕೈಗೆ ಸೀಗೆಪುಡಿ ಹಚ್ಚಿ ತೊಳೆಯುತ್ತಿದ್ದ ಮಂಗಮ್ಮ ಮಣಿಕಟ್ಟಿನ ಹತ್ತಿರ ಬಂದು ಕೈ ನಿಲ್ಲಿಸಿದಳು. ಬಳೆ ತೊಡಿಸಿದಂತೆ ಸುತ್ತಲೂ ಚರ್ಮ ಕಂದಿತ್ತು.

“ಇದೇನೇ ಚಂದ್ರಲೇಖಾ, ಅಕ್ಕನ ಕೈಮ್ಯಾಲೆ?”

ಅಕ್ಕನ ಸೊಸೆ ಚೊಂಬಿನಿಂದ ನೀರು ಹುಯ್ಯುತ್ತಲೇ ಇದ್ದಳು. “ವಯಸ್ಸಾದ ಮೈ ಚಿಕ್ಕತ್ತೆ, ಮುಟ್ಟಿದ್ರೂ ಕಂದ್ತದೆ. ನಿದ್ದೇಲೇ ಹೋಗ್ಬುಟ್ರು, ಪುಣ್ಯವಂತ್ರು.”

ಪಕ್ಕದ ಮನೆಯ ಅಶ್ವತ್ಥಮ್ಮ ಏನೋ ಹೇಳಲು ಬಾಯಿ ತೆರೆದು, ಸೆರಗು ಅಡ್ಡ ಹಿಡಿದಳು.

*

ಹಬ್ಬಕ್ಕೆ ತನ್ನೂರು ಬೇರಿಕೆಯಿಂದ ಬಂದಿದ್ದಾಗ ಮಂಗಮ್ಮ ಅಕ್ಕನ ಮನೆಯಲ್ಲಿ ಒಂದು ಮಿಷಿನ್ನನ್ನು ಮೊದಲು ನೋಡಿದ್ದಳು. ಸೊಂಟದೆತ್ತರದ ಡಬ್ಬ, ಕೆಳಗೆ ಗಾಲಿ, ಮೇಲೊಂದು ಗಾಜಿನ ಕಣ್ಣು. ವಯಸ್ಸಾದವರನ್ನು ಕಾಯಲೆಂದು ಅಕ್ಕನ ಮಗ ರಾಮಮೂರ್ತಿ ಕೆಲಸ ಮಾಡುವ ಫ್ಯಾಕ್ಟರಿಯಲ್ಲಿ ಮಾಡಿ, ಮನೆಯಲ್ಲಿಟ್ಟು ನೋಡಲು ಅವನಿಗೆ ಕೊಟ್ಟಿದ್ದರು. ನೆಲದ ಮೇಲೆ ಅಕ್ಕನ ಮೈ ಕಂಡರೆ ಸಾಕು, ಅವನದೇ ದನಿಯಲ್ಲಿ “ಅಮ್ಮ ಬಿದ್ದವ್ರೆ, ಬನ್ನಿ!” ಎಂದು ಕೂಗುತ್ತಿತ್ತು.

ಅಕ್ಕ ಸಾಕಮ್ಮ ಹುಟ್ಟಿದಾಗಿನಿಂದ ಚಾಪೆಯ ಮೇಲೆ ಮಲಗಿದವಳು. ಚಾಪೆಯ ಮೇಲೆ ಮಲಗಿದರೂ ಮಿಷಿನ್ನು ಬಿದ್ದರೆಂದೇ ಕೂಗುತ್ತಿತ್ತು.

“ಸಾನಮಾವು ಊರಾಗೆ ಆನೆ ಬಂದಾಗ್ಲೂ ನೆಲದ್ಮೇಲೇ ಮಲಗಿದ್ದೋಳು ಕಣೇ ಮಂಗಿ,” ಎಂದು ನಕ್ಕಿದ್ದಳು. “ಇದಕ್ಕೊಂದು ಮೀಸೆ ಇದ್ದಿದ್ರೆ ನಿಮ್ಮ ಭಾವನೇ. ಮಲಗಕ್ಕೆ ಬುಡಲ್ಲ.”

ರಾಮಮೂರ್ತಿ ನಗಲಿಲ್ಲ. “ಬೀಳ್ದೇ ಕೂಗಿದ್ರೆ ಮಿಷಿನ್ನು ಫೇಲು ಅಂತಾರೆ ಚಿಕ್ಕಮ್ಮ. ಪಾಸಾದ್ರೆ ನಂಗೆ ಪ್ರಮೋಷನ್ನು. ಅಮ್ಮ ಮಂಚದ್ಮೇಲೇ ಮಲಗ್ಬೇಕು.”

“ಮಂಚದ್ಮೇಲೆ ಅಕ್ಕಂಗೆ ನಿದ್ದೆ ಬರಲ್ಲ ಕಣಪ್ಪ. ಬೇರಿಕೆಗೆ ಕರ್ಕೊಂಡೋಗ್ತೀನಿ.”

“ಅಮ್ಮ ಹೋದ್ರೆ ಮಿಷಿನ್ನು ಯಾರನ್ನ ನೋಡ್ತದೆ? ಟೆಸ್ಟು ಮುಗೀಲಿ, ನಾನೇ ಕರ್ಕೊಂಬಂದು ಬುಡ್ತೀನಿ.”

ಮಂಗಮ್ಮ ಹೊರಡುವಾಗ ಸಾಕಮ್ಮ ಬೇರಿಕೆಗೆ ಒಯ್ಯಲೆಂದು ಚಾಪೆ ಸುತ್ತಿ, ದಾರ ಕಟ್ಟಿ, ಬಾಗಿಲ ಹಿಂದೆ ನಿಲ್ಲಿಸಿದ್ದಳು.

*

ಚಾಪೆ ಈಗಲೂ ಅಲ್ಲೇ ಇತ್ತು. ಮಂಗಮ್ಮ ದಾರ ಬಿಚ್ಚಿ, ಒಳಕೋಣೆಯ ಮಂಚದ ಪಕ್ಕ ಹಾಸಿದಳು. ತಲೆ ದಕ್ಷಿಣಕ್ಕೆ ಮಾಡಿ ಅಕ್ಕನನ್ನು ಮಲಗಿಸಿದರು. ಮಂಚದ ಕಾಲಿಗೆ ಹಳೆಯ ಸೀರೆಯ ಪಟ್ಟಿ ಗಂಟು ಹಾಕಿದ ಹಾಗೇ ಇತ್ತು. ಮಂಗಮ್ಮ ಗಂಟನ್ನೂ ಅಕ್ಕನ ಮಣಿಕಟ್ಟನ್ನೂ ನೋಡಿದಳು.

ಅಶ್ವತ್ಥಮ್ಮ ಅವಳ ಕಿವಿಯ ಹತ್ತಿರ ಬಗ್ಗಿದಳು. “ರಾತ್ರಿಯೆಲ್ಲಾ ಇಳೀತಾರೆ ಅಂತ ಕೈ ಕಟ್ತಿದ್ರಮ್ಮ. ಬೆಳಗ್ಗೆ ನಾನೇ ನೋಡ್ದೆ. ಇಳಿಯಕ್ಕೋಗಿ ಗೋಡೆಗೂ ಮಂಚಕ್ಕೂ ಮಧ್ಯೆ ಸಿಕ್ಕೊಂಡು ನೇತಾಡ್ತಿದ್ರು. ನೆಲ ಮುಟ್ಟಿರ್ಲಿಲ್ಲ. ಅದಕ್ಕೇ ಮಿಷಿನ್ನು ಕೂಗ್ಲಿಲ್ಲ.”

ಆಗಲೇ ಗಾಲಿಯ ಸದ್ದಾಯಿತು. ಮಿಷಿನ್ನು ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಂದು ಚಾಪೆಯ ಮುಂದೆ ನಿಂತಿತು.

“ಅಮ್ಮ ಬಿದ್ದವ್ರೆ, ಬನ್ನಿ! ಅಮ್ಮ ಬಿದ್ದವ್ರೆ, ಬನ್ನಿ!”

ರಾಮಮೂರ್ತಿ ಅಂಗಳದಿಂದ ಓಡಿಬಂದ.

“ಆಫ್ ಮಾಡೋ ಅದನ್ನ!” ಮಂಗಮ್ಮನ ದನಿ ಸೀಳಿತು. “ಇವತ್ತಾದ್ರೂ ನೆಲದ್ಮೇಲೆ ಮಲಗ್ಲಿ.”

“ಮೆತ್ತಗೆ ಚಿಕ್ಕಮ್ಮ. ಫ್ಯಾಕ್ಟರಿ ಮ್ಯಾನೇಜರು ಹಾರ ತಂದವ್ರೆ. ಆಫಾಗಿದ್ರೆ ಕೆಟ್ಟೋಗಿದೆ ಅನ್ಕೋತಾರೆ. ಚಂದ್ರಾ, ಕಾಲು ಹಿಡ್ಕೋ.”

ಮಂಗಮ್ಮ ಚಾಪೆಯ ಅಂಚನ್ನು ಹಿಡಿದು ಕೂತಳು. ಚಾಪೆ ಅವಳ ಕೈಯಲ್ಲೇ ಉಳಿಯಿತು. ಗಂಡ ಹೆಂಡತಿ ಸಾಕಮ್ಮನನ್ನು ಎತ್ತಿ ಮಂಚಕ್ಕೆ ಹಾಕಿದರು. ಒಂದು ಕೈ ಪಕ್ಕಕ್ಕೆ ಜಾರಿ ನೆಲದ ಕಡೆಗೆ ಇಳಿಬಿತ್ತು. ಹೊರಗೆ ಚಪ್ಪಲಿ ಬಿಡುವ ಸದ್ದು ಕೇಳಿ ಚಂದ್ರಲೇಖಾ ಬೇಗ ಬೇಗ ಆ ಸೀರೆಪಟ್ಟಿಯನ್ನೇ ಎಳೆದು, ಮಣಿಕಟ್ಟಿಗೆ ಸುತ್ತಿ, ಬಿಗಿದಳು.

ಮ್ಯಾನೇಜರು ಒಳಗೆ ಬಂದಾಗ ಮಿಷಿನ್ನಿನ ಕೆಂಪು ದೀಪ ಹಸಿರಾಯಿತು.

“ಅಮ್ಮ ಹುಷಾರಾಗವ್ರೆ,” ಎಂದಿತು, ರಾಮಮೂರ್ತಿಯ ದನಿಯಲ್ಲಿ.