ಕುಬ್ರಾ ಬೀ ಉಂಡ ಬೆಣ್ಣೆಹಣ್ಣು

ಶಿಕಾರಿಪುರದಲ್ಲಿ ಗಾದಿ ಹೊಲಿಯುವ ಮುನೀರ್ ಅಹ್ಮದ್ ಸಾಬರ ಹೆಂಡತಿ ಕುಬ್ರಾ ಬೀಗೆ ಬಾಯಿಹುಣ್ಣಾಗಿದೆ ಎಂದೇ ಮೊದಲು ಎಲ್ಲರೂ ತಿಳಿದಿದ್ದರು. ಮನೆಯವರು ಜೇನುತುಪ್ಪ ಸವರಿದರು, ಕೊಬ್ಬರಿಗೆ ಕಲ್ಲುಸಕ್ಕರೆ ಸೇರಿಸಿ ಅಗಿಯಲು ಕೊಟ್ಟರು. ಉರಿ ಏರಿತೇ ಹೊರತು ಇಳಿಯಲಿಲ್ಲ. ನಾಲಿಗೆಯ ಮೇಲೆ ಒಡೆದ ಹಾಲು ಮೆತ್ತಿದಂಥ ಬಿಳಿ ಪದರ. ಬಟ್ಟೆಯಲ್ಲಿ ಒರೆಸಿದರೆ ಅದರಡಿ ಕೆಂಡದಂಥ ಕೆಂಪು. ಗುಟುಕು ನೀರು ನುಂಗುವುದಕ್ಕೂ ಅವರು ಕಣ್ಣು ಮುಚ್ಚಿ ಸಿದ್ಧವಾಗಬೇಕಾಗಿತ್ತು.

ಕೊನೆಗೆ ತೋರಿಸಿದ ಡಾಕ್ಟರು ಬಾಯಿಗೆ ಬ್ಯಾಟರಿ ಬಿಟ್ಟು ನೋಡಿ, "ಇದು ಹುಣ್ಣಲ್ಲಮ್ಮ, ಬೂಷ್ಟು. ಕ್ಯಾಂಡಿಡಾ ಅಂತೀವಿ. ಎಲ್ಲರ ಬಾಯಲ್ಲೂ ಅಷ್ಟಿಷ್ಟು ಇದ್ದೇ ಇರುತ್ತೆ. ನಿಮಗೆ ಶುಗರ್ ಏರಿದೆ, ಬೂಷ್ಟಿಗೆ ಹಬ್ಬ ಆಗಿದೆ" ಅಂದರು. ಮಾತ್ರೆ ಕೊಟ್ಟರು. ಸಕ್ಕರೆ, ಬೆಲ್ಲ, ಬನ್ನು, ಬ್ರೆಡ್ಡು ಮುಟ್ಟಕೂಡದು ಅಂದರು.

ಹಳೆಯ ಬ್ರೆಡ್ಡಿಗೆ ಹಿಡಿಯುವಂಥದ್ದೇ ಒಂದು ತನ್ನ ಬಾಯಲ್ಲಿ ಬೇರು ಬಿಟ್ಟಿದೆ ಎಂಬುದನ್ನು ಕುಬ್ರಾ ಬೀ ದಾರಿಯುದ್ದಕ್ಕೂ ಯೋಚಿಸುತ್ತ ಬಂದರು. ಹೆದರಿಕೆಗಿಂತ ಬೆರಗೇ ಹೆಚ್ಚಾಗಿತ್ತು. ಇಷ್ಟು ವರ್ಷ ಅದು ತೆಪ್ಪಗೆ ಎಲ್ಲಿ ಕೂತಿತ್ತು?

ಊಟದ್ದೇ ಕಷ್ಟವಾಯಿತು. ಬೇಡವೆಂದದ್ದನ್ನೆಲ್ಲ ಬಿಟ್ಟ ಮೇಲೆ ಉಳಿದದ್ದು ರೊಟ್ಟಿ, ಸೊಪ್ಪು, ಸಾರು. ರೊಟ್ಟಿ ಕೆರೆಯುತ್ತಿತ್ತು, ಸಾರು ಸುಡುತ್ತಿತ್ತು. ಕೈಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದರು. ಸೊಸೆ ಜಾಸ್ಮಿನ್ ಫೋನಿನಲ್ಲಿ ಹುಡುಕಿ ಅತ್ತೆಯ ಮುಂದೆ ಹಿಡಿದಳು.

"ಅಮ್ಮೀ, ಈ ಕಾಯಿಲೆ ಇರೋರು ಅವಕಾಡೊ ತಿಂತಾರಂತೆ. ಹಣ್ಣಾದ್ರೂ ಸಿಹಿ ಇಲ್ಲ, ಹುಳಿನೂ ಇಲ್ಲ. ಅಗಿಯೋದೇ ಬೇಡ."

ಡಾಕ್ಟರಿಗೆ ಫೋನು ಹೋಯಿತು. "ತಿನ್ನಲಿ, ಮೈಗೆ ಶಕ್ತಿ ಬರುತ್ತೆ. ಆದರೆ ಕಾಯಿಲೆ ವಾಸಿ ಮಾಡೋದು ಮಾತ್ರೆ, ಹಣ್ಣಲ್ಲ. ಅದನ್ನ ಮರೀಬೇಡಿ" ಎಂದರು ಅವರು.

ಪೇಟೆಯ ಹಣ್ಣಿನಂಗಡಿಗಳಲ್ಲಿ ಅದು ಇರಲಿಲ್ಲ. ಬರಿಗೈಲಿ ಬಂದ ಮುನೀರ್ ಸಾಬರು ಸೊಸೆಯ ಫೋನು ಇಸಿದುಕೊಂಡು ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಇದು ನಮ್ಮ ಲೋಕಪ್ಪನ ಮನೆ ಬೆಣ್ಣೆಹಣ್ಣಲ್ಲವಾ" ಅಂದರು.

ಪ್ರತಿ ಬೇಸಿಗೆ ಅವರು ಗಾದಿಗೆ ಬೂರುಗದ ಹತ್ತಿ ತರಲು ಸೊರಬದ ಆಚೆ, ಕ್ಯಾಸನೂರಿನ ಕಡೆ ಹೋಗುತ್ತಿದ್ದರು. ಅಲ್ಲಿ ಕುರಿ ಸಾಕುವ ಲೋಕಪ್ಪನ ಹಿತ್ತಿಲ ಮರದ ನೆರಳಲ್ಲಿ ಕೂತು ಮಜ್ಜಿಗೆ ಕುಡಿದದ್ದೆಷ್ಟೋ ಸಲ. ಮರದ ಕಾಯನ್ನು ತಿನ್ನುವ ವಿಚಾರ ಮಾತ್ರ ಯಾವತ್ತೂ ಬಂದಿರಲಿಲ್ಲ.

"ನಾನೂ ಬರ್ತೀನಿ" ಎಂದರು ಕುಬ್ರಾ ಬೀ.

"ಈ ಮೈಯಲ್ಲಾ?"

"ತಿನ್ನೋದು ನಾನು ತಾನೆ. ಎಲ್ಲಿ ಬೆಳೆಯುತ್ತೆ ಅಂತ ನೋಡ್ತೀನಿ."

ಲಗೇಜ್ ಆಟೊದಲ್ಲಿ ಗಾದಿ ಹಾಸಿ ಹೆಂಡತಿಯನ್ನು ಕೂರಿಸಿಕೊಂಡು ಸಾಬರು ಶಿರಾಳಕೊಪ್ಪದ ಮೇಲೆ ಹೊರಟರು. ಸೊರಬ ದಾಟಿದ ಮೇಲೆ ಕಾಡು ರಸ್ತೆಯ ಅಂಚಿಗೇ ಬಂತು. ಪೇರಲೆಯಷ್ಟು ಎತ್ತರದ ಗಿಡವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದ ಕುಬ್ರಾ ಬೀ ಲೋಕಪ್ಪನ ಹಿತ್ತಿಲಲ್ಲಿ ಇಳಿದವರು ತಲೆ ಎತ್ತಿ ಹಾಗೇ ನಿಂತುಬಿಟ್ಟರು. ಮನೆಯ ಹೆಂಚು ಆ ಮರದ ಸೊಂಟಕ್ಕೂ ಬರುತ್ತಿರಲಿಲ್ಲ. ಕಡು ಹಸಿರು ಎಲೆಗಳ ನಡುವೆ, ಕೊಂಬೆ ಬಾಗುವಷ್ಟು, ಉದ್ದ ತೊಟ್ಟಿಗೆ ನೇತುಬಿದ್ದ ಕಾಯಿಗಳು. ಗಾಳಿ ಬಂದಾಗ ಅಷ್ಟೂ ಒಟ್ಟಿಗೆ ತೂಗಿದವು. ಯಾರೂ ನೀರು ಹಾಕದ, ಯಾರೂ ಕೇಳದ ಮರ ಇಷ್ಟನ್ನು ಹೊತ್ತು ನಿಂತಿತ್ತು.

"ಸುಬಾನಲ್ಲಾ" ಎಂದರು ಮೆಲ್ಲಗೆ. ಮಾತಾಡಿದರೂ ಉರಿಯುತ್ತಿದ್ದುದರಿಂದ ಅವರ ಬಾಯಿಂದ ಬೆಳಗಿನಿಂದ ಹೊರಟ ಮಾತುಗಳೇ ಕಡಿಮೆ.

ಲೋಕಪ್ಪನ ಹೆಂಡತಿ ಗುಡ್ಡಮ್ಮ ಚಾಪೆ ಹಾಸಿದರು. ಬಂದ ಕೆಲಸ ಕೇಳಿದೊಡನೆ ಅವರ ಮುಖ ಸಣ್ಣದಾಯಿತು.

"ಆ ಮರದ ಹಣ್ಣಾ ಬೂಬಮ್ಮ? ನಾಳೆ ಮರ ಕೊಯ್ಯೋ ಮಿಷನ್‌ನೋರು ಬರ್ತಾರೆ, ಕಡಿಸ್ತಿದೀವಿ."

ನಡೆದದ್ದನ್ನು ಲೋಕಪ್ಪ ಹೇಳಿದ. ಹೋದ ವಾರ ಗಾಳಿಗೆ ಕೊಂಬೆಯೊಂದು ಮುರಿದು ಕುರಿಹಟ್ಟಿಯೊಳಗೆ ಬಿದ್ದಿತ್ತು. ಮರಿ ಹಾಕಿದ್ದ ಎರಡು ಕುರಿ ಅದರ ಸೊಪ್ಪನ್ನು ತಿಂದಿದ್ದವು. ಕೆಚ್ಚಲು ಬಾತು ಹಾಲು ನಿಂತಿತು, ಆಮೇಲೆ ಉಸಿರು ಕಟ್ಟಿ ಎರಡೂ ಸತ್ತವು. ಈ ಸೊಪ್ಪು ಕುರಿಗೆ ವಿಷ ಎಂದು ದನದ ಡಾಕ್ಟರು ಬಂದಮೇಲೇ ತಿಳಿದದ್ದು. ಮರಿಗಳಿಗೆ ಗುಡ್ಡಮ್ಮ ಈಗ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದರು.

"ಹಣ್ಣು ಮನುಷ್ಯರಿಗೆ ಏನೂ ಮಾಡಲ್ಲ ಅಂದ್ರು ಡಾಕ್ಟ್ರು" ಎಂದ ಲೋಕಪ್ಪ. "ನಮ್ಮಪ್ಪ ಸಕ್ಕರೆ ಕಲಸ್ಕೊಂಡು ತಿಂತಿದ್ದ."

"ಡಾಕ್ಟ್ರು ಅಂದ್ರು. ಕೊಡಕ್ಕೆ ನಂಗೆ ಕೈ ಬರ್ಬೇಕಲ್ಲ" ಎಂದರು ಗುಡ್ಡಮ್ಮ.

ಕುಬ್ರಾ ಬೀ ಗುಡ್ಡಮ್ಮನತ್ತ ತಿರುಗಿ ಬಾಯಿ ತೆರೆದು ನಾಲಿಗೆ ಚಾಚಿ ತೋರಿಸಿದರು. ಗಂಡಸರು ಬೇರೆ ಕಡೆ ನೋಡಿದರು. ಗುಡ್ಡಮ್ಮ ಅದನ್ನು ದಿಟ್ಟಿಸಿ ನೋಡಿ ಎದ್ದು ಒಳಗೆ ಹೋದರು.

ಕುರಿ ಬಾಯಿ ಹಾಕದಿರಲೆಂದು ಆರಿಸಿಟ್ಟ ಹಣ್ಣುಗಳು ಬುಟ್ಟಿಯಲ್ಲಿದ್ದವು. ಮೆತ್ತಗಾಗಿದ್ದ ಒಂದನ್ನು ತಂದು ಗುಡ್ಡಮ್ಮ ಚೂರಿಯಿಂದ ಸುತ್ತ ಗೀರಿ ತಿರುವಿದರು. ಹಣ್ಣು ಎರಡು ಬಟ್ಟಲಾಯಿತು. ಅಂಚಿಗೆ ಎಳೆ ಹಸಿರು, ಒಳಗೆ ಬರಬರುತ್ತ ಹಳದಿ, ನಡುವೆ ನುಣುಪಾದ ದೊಡ್ಡ ಬೀಜ. ಚಮಚೆಯಲ್ಲಿ ಒಂದಿಷ್ಟು ತೆಗೆದು ಅವರೇ ಮೊದಲು ಬಾಯಿಗೆ ಹಾಕಿಕೊಂಡರು. ನುಂಗಿ, ಸ್ವಲ್ಪ ಹೊತ್ತು ತಮ್ಮ ಮೈಯನ್ನೇ ಆಲಿಸುವವರಂತೆ ಕೂತರು. ಆಮೇಲೆ ಬಟ್ಟಲು ಮುಂದಿಟ್ಟರು.

"ತಿನ್ನಿ ಬೂಬಮ್ಮ. ಏನಾದ್ರೂ ಆದ್ರೆ ಇಬ್ಬರಿಗೂ ಆಗ್ಲಿ."

ಕುಬ್ರಾ ಬೀ ಅಭ್ಯಾಸದಂತೆ ಕಣ್ಣು ಮುಚ್ಚಿ, ಎಡಗೈಯನ್ನು ಮುಷ್ಟಿ ಮಾಡಿ ಚಮಚೆ ಒಳಗಿಟ್ಟರು. ಉರಿ ಬರಲಿಲ್ಲ. ಸಿಹಿಯಲ್ಲದ, ಹುಳಿಯಲ್ಲದ ಒಂದು ತಂಪು ನಾಲಿಗೆಯ ಮೇಲೆ ಕೂತು, ತಾನಾಗಿ ಜಾರಿ ಗಂಟಲಿಳಿದು ಹೋಯಿತು. ನುಂಗಿದ್ದೇ ಗೊತ್ತಾಗಲಿಲ್ಲ. ಅವರು ಕಣ್ಣು ಬಿಟ್ಟು ಗಂಡನನ್ನು ನೋಡಿದರು. ಮತ್ತೊಂದು ಚಮಚೆ, ಇನ್ನೊಂದು. ಹಸಿವೆಂಬುದು ನೋವಿನ ಹಿಂದೆ ಇಷ್ಟು ದಿನ ಅಡಗಿ ಕೂತಿತ್ತೆಂದು ಆಗ ಅವರಿಗೆ ತಿಳಿಯಿತು. ಹಣ್ಣು ಮುಗಿದು ಸಿಪ್ಪೆ ಕಾಗದದಂತೆ ತೆಳ್ಳಗಾಗುವವರೆಗೂ ಕೆರೆದರು.

"ಇನ್ನೊಂದು ಇದೆಯಾ ಅಕ್ಕ?"

ಗುಡ್ಡಮ್ಮ ಇನ್ನೊಂದನ್ನು ಹೆಚ್ಚಿದರು.

ಲೋಕಪ್ಪ ಬಿದಿರ ಗಳುವಿಗೆ ಕೊಕ್ಕೆ ಕಟ್ಟಿ ಕಾಯಿ ಇಳಿಸುತ್ತಿದ್ದ. ಎಲ್ಲವೂ ಕಲ್ಲಿನಂತೆ ಗಟ್ಟಿ. "ಇದು ಮರದಲ್ಲಿ ಎಷ್ಟು ದಿನ ಇದ್ರೂ ಹಣ್ಣಾಗಲ್ಲ" ಎಂದ. "ಮರ ಬಿಟ್ಟ ಮೇಲೇ ಮೆತ್ತಗಾಗೋದು." ಕುಬ್ರಾ ಬೀ ಕಾಂಡದ ಮೇಲೆ ಅಂಗೈ ಊರಿ ನಿಂತರು. ಬದಿಯ ಹಟ್ಟಿಯಲ್ಲಿ ತಬ್ಬಲಿ ಮರಿಗಳು ಕೂಗುತ್ತಿದ್ದವು. ಅವುಗಳ ತಾಯಂದಿರನ್ನು ಕೊಂದದ್ದೂ, ತನ್ನ ಹೊಟ್ಟೆ ತಣ್ಣಗಾಗಿಸಿದ್ದೂ ಇದೇ ಮರ. ಮರಕ್ಕೆ ಎರಡೂ ಗೊತ್ತಿರಲಿಲ್ಲ. ಕಡಿಯಬೇಡಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸತ್ತ ಕುರಿಗಳು ಗುಡ್ಡಮ್ಮನವು. ಹೇಳಲು ಮನಸ್ಸಾಗದೆ ಆಟೊ ಹತ್ತಿದರು.

ಮನೆಯಲ್ಲಿ ಹುಲ್ಲು ಹಾಸಿ ಕಾಯಿ ಹರಡಿದರು. ಒಂದೊಂದೇ ತನ್ನ ಹೊತ್ತಿಗೆ ಮೆತ್ತಗಾಗುತ್ತ ಬಂತು. ಜಾಸ್ಮಿನ್ ಚಿಟಿಕೆ ಉಪ್ಪು ಹಾಕಿ ಕಿವುಚಿ ಕೊಟ್ಟದ್ದನ್ನು ಕುಬ್ರಾ ಬೀ ತಿಂದರು, ಮಾತ್ರೆ ತಪ್ಪಿಸಲಿಲ್ಲ, ಸಕ್ಕರೆ ಮುಟ್ಟಲಿಲ್ಲ. ಬಿಳಿ ಪದರ ಮೊದಲು ಅಂಚಿನಿಂದ ಸರಿಯಿತು, ಆಮೇಲೆ ನಡುವಿನಿಂದ. ಒಂದು ಮಧ್ಯಾಹ್ನ ತಿನ್ನುತ್ತಿದ್ದವರು ಚಮಚೆ ಕೆಳಗಿಟ್ಟು, "ಜಾಸ್ಮಿನ್, ಉಪ್ಪು ಜಾಸ್ತಿ ಹಾಕಿದೀಯ" ಅಂದರು. ಸೊಸೆ ಬಾಗಿಲಲ್ಲೇ ನಿಂತಳು. ಎಷ್ಟೋ ದಿನಗಳಿಂದ ಅತ್ತೆಗೆ ಉಪ್ಪು, ಹುಳಿ ಯಾವ ರುಚಿಯೂ ತಿಳಿಯುತ್ತಿರಲಿಲ್ಲ.

ಆ ಸಂಜೆಯೇ ಅವರು ಗುಡ್ಡಮ್ಮನಿಗೆ ಫೋನು ಮಾಡಿಸಿದರು. ನಾಲಿಗೆಯ ಸಮಾಚಾರವೆಲ್ಲ ಹೇಳಿ, ಮರದ ವಿಷಯ ಕೇಳಲು ಧೈರ್ಯ ಸಾಲದೆ, ಮರಿಗಳು ಹೇಗಿವೆ ಎಂದು ಕೇಳಿದರು.

"ಮೇಯಕ್ಕೆ ಕಲಿತಾವೆ" ಎಂದರು ಗುಡ್ಡಮ್ಮ. "ಹಟ್ಟಿನ ಆಚೆ ದಿಕ್ಕಿಗೆ ಹಾಕ್ಸಿದೆ ಬೂಬಮ್ಮ. ಮರದ ಕಡೆ ಮುಳ್ಳಿನ ಬೇಲಿ ಬಿಗಿಯಾಗಿ ಕಟ್ಟಿದೀವಿ. ಮಿಷನ್‌ನೋರು ಬಂದಿದ್ರು, ಚಾ ಕುಡಿಸಿ ಹಂಗೇ ವಾಪಸ್ ಕಳಿಸ್ದೆ."