ಇಪ್ಪತ್ತೊಂಬತ್ತು ಸರಪಳಿ

"ಐದುನೂರಾ ತೊಂಬತ್ತೆಂಟು, ಐದುನೂರಾ ತೊಂಬತ್ತೊಂಬತ್ತು" ಎಂದು ಎಣಿಸುತ್ತ ಕಾಲೆತ್ತಿದ ದೀಪಾ ಹಾಗೇ ಒಂಟಿಗಾಲಿನಲ್ಲಿ ನಿಂತುಬಿಟ್ಟಳು. ಆಡೊಂದು ಓಣಿಗೆ ಅಡ್ಡವಾಗಿ ನಿಂತು ಗೋಡೆಗೆ ಅಂಟಿಸಿದ ಪೋಸ್ಟರನ್ನು ಕಿತ್ತು ತಿನ್ನುತ್ತಿತ್ತು.

"ಬಾಜೂಕ ಹಾಯ್ದು ಹೋಗ," ಎಂದ ಅಣ್ಣ ಶುಭಮ್.

"ಬಾಜೂಕ ಹೋದ್ರ ಎರಡ ಹೆಜ್ಜಿ ಜಾಸ್ತಿ ಆಗ್ತಾವು. ಲೆಕ್ಕ ತಪ್ಪತೈತಿ."

ನಂದಿನಿ ಮುಂದೆ ಬಂದು ಆಡಿನ ಕಿವಿ ಹಿಡಿದು ಪಕ್ಕಕ್ಕೆ ಸರಿಸಿದಳು. ಮಗಳು ಕಾಲು ಊರಿ "ಆರುನೂರು" ಎಂದಳು.

ಅವರ ಹಿಂದೆ ಹೆಲ್ಮೆಟ್ಟು ತೊಟ್ಟುಕೊಂಡೇ ಬೈಕು ತಳ್ಳಿಕೊಂಡು ಬರುತ್ತಿದ್ದ ಏಜೆಂಟ್ ರಾಜಪ್ಪ ಇನ್ನು ತಡೆಯಲಾರದೆ ಕೇಳಿದ. "ಮೇಡಂ, ನೀವು ಮನಿ ನೋಡಾಕ ಬಂದೀರೋ, ಹುಕ್ಕೇರಿ ಅಳಿಯಾಕ ಬಂದೀರೋ?"

"ಎರಡೂ ಒಂದ ಕೆಲಸರಿ ನನಗ," ಎಂದಳು ನಂದಿನಿ.

ಅದು ನಿಜವೂ ಆಗಿತ್ತು. ಅವಳು ಭೂಮಾಪನ ಇಲಾಖೆಯವಳು. ಮೂಡಲಗಿಯಿಂದ ಹುಕ್ಕೇರಿಗೆ ವರ್ಗವಾಗಿ ನಾಲ್ಕು ತಿಂಗಳಾಗಿತ್ತು. ದಿನಾ ಬೆಳಿಗ್ಗೆ ಘಟಪ್ರಭೆಯಲ್ಲಿ ಬಸ್ಸು ಬದಲಿಸಿ ಬರುತ್ತಿದ್ದಳು, ಸಂಜೆ ಹಾಗೇ ವಾಪಸು. ಗಂಡ ಹನಮಂತನಿಗೆ ಘಟಪ್ರಭೆಯ ಒಂದು ದವಾಖಾನೆಯ ಲ್ಯಾಬಿನಲ್ಲಿ ಕೆಲಸ. ಅವನಿಗೆ ಎಲ್ಲಿದ್ದರೂ ಒಂದೇ. ಜೂನಿಗೆ ಶುಭಮ್ ಎಂಟನೇ ಇಯತ್ತೆ, ದೀಪಾ ನಾಲ್ಕನೆಯದು. ಅಷ್ಟರಲ್ಲಿ ಮನೆ ಆಗಬೇಕು. ಯಾವ ಮನೆ ಎನ್ನುವುದಕ್ಕಿಂತ ಯಾವ ಓಣಿ ಎನ್ನುವುದೇ ಅವಳ ತಲೆಯಲ್ಲಿತ್ತು. ಮನೆಯ ಬಣ್ಣ ಬದಲಿಸಬಹುದು, ಗೋಡೆಗೆ ಗಿಲಾವು ಮಾಡಿಸಬಹುದು. ಮಕ್ಕಳು ನಡೆಯುವ ದಾರಿಯನ್ನು ಯಾವ ಗವಂಡಿ ರಿಪೇರಿ ಮಾಡುತ್ತಾನೆ?

ಹಾಗಾಗಿ ಅವಳು ತನ್ನದೇ ಒಂದು ಕ್ರಮ ಹಚ್ಚಿಕೊಂಡಿದ್ದಳು. ಇವತ್ತು ನಾಲ್ಕನೇ ಶನಿವಾರ, ಕಚೇರಿಗೆ ರಜೆ, ಶಾಲೆಗೆ ಮಾತ್ರ ಅರ್ಧ ದಿನ ಉಂಟು. ಮಕ್ಕಳಿಗೆ ಒಂದು ದಿನದ ಸಾಲಿ ತಪ್ಪಿಸಿ ಕರೆತಂದು, ಹುಕ್ಕೇರಿಯ ಶಾಲೆಯ ಗೇಟಿನಿಂದ ಒಂದೊಂದು ಮನೆಗೂ ನಡೆಸಿದ್ದಳು. ಅಳತೆ ದೀಪಾಳ ಹೆಜ್ಜೆಯದು. ಇಪ್ಪತ್ತೆರಡು ಹೆಜ್ಜೆಗೆ ಒಂದು ಸರಪಳಿ, ಅಂದರೆ ಮೂವತ್ತಮೂರು ಅಡಿ. ಮೂಡಲಗಿಯ ಮನೆಯ ಮುಂದೆ ಟೇಪು ಹಿಡಿದು ಮೂರು ಸಲ ತಾಳೆ ನೋಡಿಯೇ ಬಂದಿದ್ದಳು.

ಬಸ್ ನಿಲ್ದಾಣದ ಕಡೆಯ ಮನೆ ಐವತ್ತು ಸರಪಳಿ ಬಿತ್ತು, ಆದರೆ ಕೆಳಗೆ ಗ್ಯಾರೇಜು. ಊರ ಹೊರಗಿನ ಹೊಸ ಲೇಔಟಿನಲ್ಲಿ ರಸ್ತೆ ಅಗಲ, ಗಾಳಿ ಚೊಲೋ, ಆಡುವುದಕ್ಕೆ ಒಂದು ಹುಡುಗನೂ ಇಲ್ಲ, ಬರೀ ನಾಯಿ. ಮೂರನೆಯದು ಗಂಡನ ಕಡೆಯ ಸಿದ್ರಾಮ ಕಾಕಾ ಕೊಡುತ್ತೇನೆಂದದ್ದು. ಅಂಬೇಡ್ಕರ ನಗರದಲ್ಲಿ ಅವರದೇ ಮನೆಯ ಮೇಲಂತಸ್ತು. ತೊಂಬತ್ತೈದು ಸರಪಳಿ, ನಡುವೆ ಒಮ್ಮೆ ದೊಡ್ಡ ರಸ್ತೆ ದಾಟಬೇಕು. ಕಬ್ಬಿನ ಟ್ರ್ಯಾಕ್ಟರುಗಳು ಹಿಂದೆ ಎರಡೆರಡು ಟ್ರೇಲರು ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಹೋಗುವ ರಸ್ತೆ. "ನಮ್ಮ ಮಂದಿ ನಡಕ ಇದ್ದಬಿಡ್ರವಾ, ಯಾರ ಕಿರಿಕಿರೀನೂ ಇರಾಂಗಿಲ್ಲ," ಎಂದಿದ್ದರು ಅತ್ತೆ ಇಂದ್ರವ್ವ. ನಂದಿನಿ ಮಾತ್ರ ಮಂದಿಯನ್ನು ನೋಡಿ ಓಣಿ ಆರಿಸುವುದಿಲ್ಲ, ಕಾಲು ನೋಡಿ ಆರಿಸುತ್ತೇನೆ ಎಂದು ಹೇಳಿ ಬಸ್ಸು ಹತ್ತಿದ್ದಳು.

"ಆರುನೂರಾ ನಲವತ್ತು," ಎಂದು ದೀಪಾ ಒಂದು ಹಸಿರು ಗೇಟಿನ ಮುಂದೆ ಎರಡೂ ಕಾಲು ಜೋಡಿಸಿದಳು. "ಎಷ್ಟ ಸರಪಳಿ ಅವ್ವಾ?"

"ಇಪ್ಪತ್ತೊಂಬತ್ತು."

ಒಂದೂ ರಸ್ತೆ ದಾಟಬೇಕಾಗಿರಲಿಲ್ಲ. ಅಷ್ಟರಲ್ಲಿ ಹನ್ನೊಂದೂವರೆಯ ಗಂಟೆ ಬಾರಿಸಿತು. ಶಾಲೆಯ ಹುಡುಗರು ಓಣಿಯೊಳಗೆ ನೀರು ಬಿಟ್ಟ ಕಾಲುವೆಯಂತೆ ನುಗ್ಗಿ ಬಂದರು. ನಂದಿನಿ ಕಾದಿದ್ದದ್ದು ಇದಕ್ಕೇ. ಗೇಟಿಗೆ ಒರಗಿ ಎಣಿಸಿದಳು. ದೀಪಾಳ ಎತ್ತರದವರು ಒಂಬತ್ತು ಹುಡುಗಿಯರು, ಶುಭಮ್‌ನ ವಯಸ್ಸಿನವರು ಹನ್ನೊಂದು. ಇಬ್ಬರು ಹುಡುಗಿಯರು ಪುಸ್ತಕದ ದಪ್ತರ ಕಟ್ಟೆಗೆಸೆದು ಆಗಲೇ ಕುಂಟಬಿಲ್ಲೆಯ ಮನೆ ಗೀಚತೊಡಗಿದರು. ದೀಪಾ ಅವರನ್ನು ನೋಡುತ್ತ ಒಂದು ಕಾಲು ತಾನಾಗಿಯೇ ಎತ್ತಿದಳು.

ಇದೇ ಓಣಿ ಎಂದು ನಂದಿನಿ ತೀರ್ಮಾನಿಸಿದಳು. ಮನೆ ಇನ್ನೂ ನೋಡಿರಲಿಲ್ಲ.

ಬಾಗಿಲು ತೆರೆದ ಯಜಮಾನರ ಹೆಸರು ಬಸವಲಿಂಗ. ಸಹಕಾರಿ ಸೊಸಾಯಿಟಿಯಲ್ಲಿ ಮೂವತ್ತು ವರ್ಷ ಕಾರಕೂನರಾಗಿದ್ದು ನಿವೃತ್ತರಾದವರು. ಹಣೆಯ ವಿಭೂತಿಯನ್ನೂ ಸ್ಕೇಲು ಹಿಡಿದು ಎಳೆದಂತಿತ್ತು.

"ಬರ್ರಿ ಬರ್ರಿ. ರಾಜಪ್ಪ ಫೋನಿನಾಗ ಹೇಳ್ಯಾನ. ಮೂಡಲಗಿಯವ್ರಂತಲ್ಲ?"

"ಹೌದ್ರಿ, ಮೂಡಲಗಿಯವ್ರು."

"ಶೋಭಾ, ಬಂದ್ರ ನೋಡ. ನಮ್ಮವರ ಅದಾರ," ಎಂದು ಒಳಗೆ ಕೂಗಿ ಹೇಳಿದರು. "ಕೂಡ ತಂಗಿ. ಬಿಸಲಾಗ ಹುಡುಗರನ್ನ ನಡಿಸ್ಕೊಂಡ ಬಂದಿ."

ಅವರ ಹೆಂಡತಿ ಶೋಭಾ ಸ್ಟೀಲಿನ ತಾಟುಗಳಲ್ಲಿ ಚುನಮುರಿ ತಂದಿಟ್ಟರು, ದೀಪಾಳ ಗಲ್ಲ ಮುಟ್ಟಿ ದೃಷ್ಟಿಯಾಗದಂತೆ ಲಟಿಕೆ ಮುರಿದರು. ಬಾಡಿಗೆಗೆ ಕೊಡುವ ಭಾಗ ಬಾಜೂಕೇ ಇತ್ತು, ನಡುವೆ ಒಂದೇ ಬಾಗಿಲು. ಎರಡು ಕೋಣೆ, ಅಡಿಗೆ ಮನೆಗೆ ಬೆಳಕು, ಹಿಂದಿನ ಕೋಣೆಯ ಕಿಟಕಿ ತೆರೆದರೆ ಶಾಲೆಯ ಮೈದಾನದ ಹಿಂದಿನ ತುದಿ. ಶುಭಮ್ ಆ ಕಿಟಕಿ ಹಿಡಿದವನು ಮತ್ತೆ ಈಚೆ ಬರಲಿಲ್ಲ. ಹೊರಗೆ ಕ್ರಿಕೆಟ್ ಆಡುವ ಹುಡುಗರೊಂದಿಗೆ ಏನೋ ಮಾತಿಗೆ ಬಿದ್ದಿದ್ದ.

"ಗೋಕಾಕದಾಗ ಅರಿವಿ ಅಂಗಡಿ ಇಟ್ಟ ಮೂಡಲಗಿಯವ್ರು ನಿಮಗ ಏನಾಗಬೇಕು?" ಎಂದು ಕೇಳಿದರು ಬಸವಲಿಂಗ.

"ಅವರು ನಮಗ ಗೊತ್ತಿಲ್ರಿ."

"ದೊಡ್ಡ ಮನೆತನ ಬಿಡ. ಎಲ್ಲಾರೂ ಎಲ್ಲಾರಿಗೂ ಎಲ್ಲಿ ಗೊತ್ತಿರ್ತಾರ."

ಆಗಲೇ ಅವಳಿಗೆ ಅನುಮಾನ ಬಂದಿತ್ತು. ಅದನ್ನು ಅವಳು ಆಮೇಲೆ ತನಗೆ ತಾನೇ ಒಪ್ಪಿಕೊಂಡಳು ಕೂಡ. ಈ ಸೀಮೆಯಲ್ಲಿ ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತ ಮನೆತನಗಳು ಬೇಕಾದಷ್ಟು. ಮೂಡಲಗಿಯವರು ಅಂದರೆ ಮೂಡಲಗಿಯಿಂದ ಬಂದವರೂ ಆಗಬಹುದು, ಮೂಡಲಗಿ ಎನ್ನುವ ಹೆಸರಿನವರೂ ಆಗಬಹುದು. ಅವಳು ಒಂದನ್ನು ಹೇಳಿದ್ದಳು, ಯಜಮಾನರು ಇನ್ನೊಂದನ್ನು ಕೇಳಿಸಿಕೊಂಡಿದ್ದರು. ಎಲ್ಲಾದರೂ ಗಡಿಕಲ್ಲು ಅರ್ಧ ಅಡಿ ಆಚೆ ನೆಟ್ಟಿದ್ದರೂ ಹಿಡಿಯುವ ಕಣ್ಣು ಅವಳದು. ಆದರೂ ಆ ಅನುಮಾನವನ್ನು ಚುನಮುರಿ ತಿನ್ನುವಷ್ಟು ಹೊತ್ತು ಪಕ್ಕಕ್ಕಿಟ್ಟಳು. ಇಪ್ಪತ್ತೊಂಬತ್ತು ಸರಪಳಿಯ ಓಣಿ ದಿನಾ ಸಿಗುವುದಿಲ್ಲ.

ಬಸವಲಿಂಗ ಬಾಡಿಗೆಯ ಮಾತು ಮುಗಿಸಿ ಕನ್ನಡಕ ಹಾಕಿಕೊಂಡು, ಕರಾರಿನ ಹಾಳಿ ತೆಗೆದು ಮುತ್ತು ಪೋಣಿಸಿದಂತೆ ಬರೆಯತೊಡಗಿದರು. ದೀಪಾ ಅವರ ಮಗ್ಗುಲಿಗೆ ಹೋಗಿ ನಿಂತಳು. ಎಲ್ಲಿ ಅಕ್ಷರ ಕಂಡರೂ ಜೋರಾಗಿ ಓದುವುದು ಅವಳ ಚಾಳಿ. ಅಂಗಡಿ ಬೋರ್ಡು, ಲಗ್ನಪತ್ರ, ಔಷಧದ ಚೀಟಿ, ಯಾವುದನ್ನೂ ಬಿಟ್ಟವಳಲ್ಲ.

"ಶ್ರೀಮತಿ ನಂದಿನಿ ಹನಮಂತ ಮೂಡಲಗಿ," ಎಂದು ಓದಿ ಬೆರಳಿಟ್ಟಳು. "ಅಜ್ಜಾರ, ಇಲ್ಲಿ ತಪ್ಪಾಗೈತಿ. ಮೂಡಲಗಿ ನಮ್ಮ ಊರು. ನಮ್ಮ ಅಡ್ಡಹೆಸರು ಮೇತ್ರಿ."

ಬಸವಲಿಂಗ ಪೆನ್ನಿನ ಟೊಪ್ಪಿಗೆ ಹಾಕಿದರು. "ಮೇತ್ರಿ," ಎಂದರು, ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ನೋಡುವವರ ಹಾಗೆ. "ಮೇತ್ರಿ ಅಂದ್ರ..."

ಈ ವಾಕ್ಯವನ್ನು ಯಾರೂ ಪೂರ್ತಿ ಮಾಡುವುದಿಲ್ಲ ಎಂದು ನಂದಿನಿಗೆ ಸಣ್ಣಂದಿನಿಂದ ಗೊತ್ತು. ಹಾಗಾಗಿ ಅವಳೇ ಮಾಡಿದಳು. "ನೀವು ಅಂದ್ಕೊಂಡದ್ದು ಬರೋಬ್ಬರಿ ಐತ್ರಿ. ನಾವು ದಲಿತರು. ಮನ್ಯಾಗ ಬುದ್ಧನ ಫೋಟೋ ಇಟ್ಟೇವಿ."

ರಾಜಪ್ಪ ಇಷ್ಟು ಹೊತ್ತು ತೊಡೆಯ ಮೇಲಿಟ್ಟುಕೊಂಡಿದ್ದ ಹೆಲ್ಮೆಟ್ಟನ್ನು ಸುಮ್ಮನೆ ತಲೆಗೇರಿಸಿಕೊಂಡ.

"ಇರ್ಲಿ, ಇರ್ಲಿ. ಅದರಾಗೇನೈತಿ. ಒಂದ ನಿಮಿಷ ಕೂಡ್ರಿ ಮೇಡಂ," ಎಂದು ಬಸವಲಿಂಗ ಒಳಗೆ ಹೋದರು. ಶೋಭಾ ಹಿಂಬಾಲಿಸಿದರು.

"ಕೂಡ ತಂಗಿ" ಎಂದ ಬಾಯಲ್ಲೇ "ಕೂಡ್ರಿ ಮೇಡಂ" ಎಂದು ಬಂತು. ಮರ್ಯಾದೆ ಹೆಚ್ಚಿತ್ತು. ಎಷ್ಟು ಹೆಚ್ಚಿತ್ತೋ ಅಷ್ಟೇ ದೂರಕ್ಕೆ ಕುರ್ಚಿ ಸರಿದಂತಾಯಿತು. ನಂದಿನಿಗೆ ಅಂಜಿಕೆಯಾಗಲಿಲ್ಲ, ಅಳುವೂ ಬರಲಿಲ್ಲ. ಗಡಿ ತಂಟೆಯ ಹೊಲದಲ್ಲಿ ಎರಡೂ ಕಡೆಯವರು ಕುಡುಗೋಲು ಹಿಡಿದು ನಿಂತಾಗ ನಡುವೆ ಸರಪಳಿ ಎಳೆದವಳು ಅವಳು. ದೀಪಾಳನ್ನು ಹತ್ತಿರ ಕರೆದು, "ಬರೋಬ್ಬರಿ ಓದಿದಿ," ಎಂದು ತಲೆ ಸವರಿದಳು.

ಐದು ನಿಮಿಷಕ್ಕೆ ಗಂಡ ಹೆಂಡತಿ ಈಚೆ ಬಂದರು. ಶೋಭಾ ಮೊದಲು ದೀಪಾಳ ತಾಟಿಗೆ ಇನ್ನೊಂದು ಹಿಡಿ ಚುನಮುರಿ ಹಾಕಿದರು. ತಾಟು ಅದೇ ಸ್ಟೀಲಿನದು. ಬಸವಲಿಂಗ ಹಾಳಿಯ ಮೇಲೆ ಬೀಗದ ಕೈ ಇಟ್ಟು ನಂದಿನಿಯ ಕಡೆ ತಿರುಗಿದರು.

"ನೋಡ್ರಿ ಮೇಡಂ, ನಮಗ ಏನೂ ಇಲ್ಲ. ನಾವು ಬಸವಣ್ಣನವರ ಒಕ್ಕಲು. ಮನಿ ನಿಮಗ ಕೊಡಾವ್ರು."

"ಹುಡುಗರು ಭಾಳ ಶಾಣ್ಯಾ ಅದಾವ್ರಿ," ಎಂದರು ಶೋಭಾ. "ಮನ್ಯಾಗ ಹುಡುಗರ ದನಿ ಇಲ್ದ ಬ್ಯಾಸರಾಗೈತಿ ನನಗ."

"ಆದ್ರ ಓಣಿ ಐತಲ್ಲ," ಎಂದು ಯಜಮಾನರು ಎದುರು ಮನೆಯ ಕಡೆ ಗದ್ದ ಎತ್ತಿದರು. "ಆಕಿ ಸತ್ತೆವ್ವ, ಯಾರ ಮನಿಗೆ ಯಾರು ಬಂದ್ರೂ ಜಾತಕ ತೆಗಿಯಾಕಿ. ಅದಕ್ಕ ನಾ ಏನಂತೀನಿ, ಹಾಳ್ಯಾಗ ಬರದದ್ದು ಹಂಗ ಇರ್ಲಿ. ಗೇಟಿಗೆ ಮೂಡಲಗಿ ಅಂತ ಚಂದನ ಬೋರ್ಡ ನಾನ ಹಾಕಸ್ತೇನಿ. ಹುಡುಗರಿಗೆ ಯಾರರ ಕೇಳಿದ್ರ ಹಂಗ ಹೇಳಲಿ. ಸುಳ್ಳರ ಏನ, ನಿಮ್ಮ ಊರ ಐತಿ."

"ಚೊಲೋ ಮಾತೈತ್ರಿ ಮೇಡಂ," ಎಂದ ರಾಜಪ್ಪ ಹೆಲ್ಮೆಟ್ಟಿನ ಒಳಗಿಂದ.

ನಂದಿನಿ ನಕ್ಕಳು. "ಕಾಕಾರ, ನಾ ಸರ್ವೆದಾಕಿ. ದಿನಾ ನನ್ನ ಟೇಬಲ್ ಮುಂದ ನಾಕ ಮಂದಿ ನಿಂತಿರ್ತಾರ. ಅಜ್ಜನ ಕಾಲಕ್ಕ ಯಾರೋ ಪಹಣಿ ಉತಾರದಾಗ ಹೆಸರು ತಪ್ಪ ಬರದಾರ. ತಿದ್ದಸಾಕ ಮೊಮ್ಮಕ್ಕಳು ಇನ್ನೂ ಅಡ್ಡಾಡಾಕತ್ತಾರ."

"ಇದೇನ ಹೊಲದ ಉತಾರ ಅಲ್ಲ ಬಿಡ್ರಿ," ಎಂದರು ಬಸವಲಿಂಗ, ಅವರೂ ನಗುತ್ತಲೇ. "ಹನ್ನೊಂದ ತಿಂಗಳ ಹಾಳಿ. ಆಮ್ಯಾಲೆ ರದ್ದಿ."

ಆ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಹೊರಗೆ ಕುಂಟಬಿಲ್ಲೆಯ ಹುಡುಗಿಯರು ಜಗಳ ಮಾಡುತ್ತಿದ್ದುದು ಕೇಳುತ್ತಿತ್ತು. ಅಂಬೇಡ್ಕರ ನಗರದ ತೊಂಬತ್ತೈದರಲ್ಲಿ ಇಪ್ಪತ್ತೊಂಬತ್ತು ಕಳೆದರೆ ಅರವತ್ತಾರು. ದಿನಕ್ಕೆ ಎರಡು ಸಲ ಅರವತ್ತಾರು ಸರಪಳಿ, ನಡುವೆ ಆ ಟ್ರ್ಯಾಕ್ಟರು. ಒಂದು ಬೋರ್ಡಿನ ಮೇಲೆ ಸ್ವಂತ ಊರಿನ ಹೆಸರು ಬರೆಯುವುದು ಅಷ್ಟು ತುಟ್ಟಿಯೇ? ಅವಳ ಕಣ್ಣು ಬೀಗದ ಕೈಯ ಮೇಲಿತ್ತು.

ಅಷ್ಟರಲ್ಲಿ ಶುಭಮ್ ಹಿಂದಿನ ಕೋಣೆಯಿಂದ ಬಂದ. ಮುಖದ ತುಂಬ ಗೆಲುವು. ಎಲ್ಲ ಕೇಳಿಸಿಕೊಂಡಿದ್ದನೆಂದು ತಿಳಿಯುತ್ತಿತ್ತು.

"ಅವ್ವಾ, ನನಗ ನಡೀತೈತಿ," ಎಂದ. "ಅವರು ನನ್ನ ಬೌಲಿಂಗಿಗೆ ತಗೋತೀವಿ ಅಂದ್ರು. ಹೆಸರ ಕೇಳಿದ್ರು. ನಾ ಶುಭಮ್ ಮೂಡಲಗಿ ಅಂತ ಆಗಲೇ ಹೇಳಿಬಿಟ್ಟೇನಿ."

"ನೋಡ್ರಿ, ಹುಡುಗಗ ತಿಳಿತು," ಎಂದರು ಬಸವಲಿಂಗ ಸಂತೋಷದಿಂದ.

ನಂದಿನಿ ಮಗನನ್ನು ನೋಡಿದಳು. ಅವನಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಮೂಡಲಗಿಯಲ್ಲಿ ಹಾಜರಿ ಕೂಗುವಾಗ "ಮೇತ್ರಿ ಶುಭಮ್" ಎಂದರೆ "ಹಾಜರ್ ಸರ್" ಎಂದು ಎದ್ದು ನಿಲ್ಲುತ್ತಿದ್ದ ಹುಡುಗ, ಹತ್ತು ನಿಮಿಷದೊಳಗೆ, ಒಂದು ಕಿಟಕಿಯ ಸಲುವಾಗಿ, ಚಪ್ಪಲಿ ಬಿಟ್ಟಷ್ಟು ಸಲೀಸಾಗಿ ಹೆಸರನ್ನು ಹೊಸ್ತಿಲಾಚೆ ಬಿಟ್ಟು ಬಂದಿದ್ದ. ಜೂನಿನಿಂದ ದಿನಾ ಹೊರಗೆ ಹೋಗುವಾಗ ಅದನ್ನು ಬಿಟ್ಟು ಹೋಗಬೇಕು, ಮನೆಗೆ ಬಂದು ಮತ್ತೆ ಮೆಟ್ಟಬೇಕು. ದೀಪಾಳಂತೂ ಓದಲು ಬಂದರೂ ಓದದೆ ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಯಬೇಕು. ನಂದಿನಿ ಎಣಿಸುತ್ತಿದ್ದ ದಾರಿ ಶಾಲೆಯ ಗೇಟಿನಿಂದ ಈ ಗೇಟಿನವರೆಗೆ ಮಾತ್ರ ಇತ್ತು. ಗೇಟಿನ ಒಳಗೆ ಇನ್ನೂ ಎಷ್ಟು ನಡೆಯಬೇಕೆನ್ನುವುದನ್ನು ಅವಳು ಅಳೆದೇ ಇರಲಿಲ್ಲ.

"ಕಾಕಾರ," ಎಂದಳು. "ಮೂಡಲಗಿ ಹೊಡದ ಹಾಕಿ ಮೇತ್ರಿ ಅಂತ ಬರೀತೀರೇನ್ರಿ? ಬೋರ್ಡಿಗೂ ಅದ. ಸತ್ತೆವ್ವಾರ ಜೋಡಿ ನಾನ ಮಾತಾಡ್ತೇನಿ."

ಶೋಭಾ ಗಂಡನ ಮುಖ ನೋಡಿದರು. ಬಸವಲಿಂಗ ಎದುರು ಮನೆಯ ಬಾಗಿಲು ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಒಂದು ತಂತಿಯ ಮೇಲೆ ಸೀರೆ ಒಣಗುತ್ತಿತ್ತು, ಅಷ್ಟೇ. ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಹಾಳಿಯನ್ನೂ ಬೀಗದ ಕೈಯನ್ನೂ ಒಂದೇ ಬೆರಳಿನಿಂದ ಅವಳ ಕಡೆ ನೂಕಿದರು.

"ಈಗ ಹಿಂಗ ಇರ್ಲಿ ಮೇಡಂ. ನಿಮ್ಮ ಹುಡುಗರ ಸಲುವಾಗಿ ಹೇಳಾಕತ್ತೇನಿ. ಹಿಡೀರಿ."

"ಬ್ಯಾಡ್ರಿ," ಎಂದಳು ನಂದಿನಿ.