ಉಳಿಸಲಾಗುವುದು

ಸಮಿತಿಯ ಕರಡು ಬರೆಯುವ ಹೆಂಗಸಿಗೆ ಕಚೇರಿಯವರು ಇಟ್ಟ ಅಡ್ಡಹೆಸರು ಕತ್ತರಿ. ಯಾವ ವಾಕ್ಯ ಕೊಟ್ಟರೂ ಅದರೊಳಗೆ ಕೆಲಸ ಮಾಡಿದವನನ್ನು ಸದ್ದಿಲ್ಲದೆ ಕತ್ತರಿಸಿ ಬಿಸಾಡುವುದರಲ್ಲಿ ಅವಳದು ಎತ್ತಿದ ಕೈ. "ಗುತ್ತಿಗೆದಾರ ಸೇತುವೆ ಹಾಳು ಮಾಡಿದ" ಎಂದು ದೂರು ಬಂದರೆ, ಅವಳ ಮೇಜು ದಾಟುವಷ್ಟರಲ್ಲಿ ಅದು "ಸೇತುವೆ ಹಾಳಾಗಿರುವುದನ್ನು ಗಮನಿಸಲಾಗಿದೆ" ಆಗಿರುತ್ತಿತ್ತು. ಯಾರ ಮನಸ್ಸೂ ನೋಯುತ್ತಿರಲಿಲ್ಲ. ಸೇತುವೆ ರಿಪೇರಿಯೂ ಆಗುತ್ತಿರಲಿಲ್ಲ, ಆ ಮಾತು ಬೇರೆ.

ಇಂಥವಳ ಮೇಜಿಗೆ ಈಗ ನೀರಿನ ವಿಷಯ ಬಂತು. ಮಳೆ ಮುಖ ತೋರಿಸದ ಆ ಸೀಮೆಯ ಊರುಗಳಿಗೆಲ್ಲ ಇದ್ದದ್ದು ಒಂದೇ ಜಲಾಶಯ, ಒಂದೇ ಕಾಲುವೆ. ಜಲಾಶಯ ಮೇಲಿನೂರಿನ ತಲೆಯ ಹತ್ತಿರ, ಕಾಲುವೆಯ ಬಾಲ ಕೆಳಗಿನೂರಿನಲ್ಲಿ. ಊರುಗಳೆಲ್ಲ ಸೇರಿ ನೀರಿನ ಬಗ್ಗೆ ಒಂದು ಜಂಟಿ ಗುರಿಗೆ ಸಹಿ ಹಾಕಬೇಕು, ಸಹಿಯಾದ ಮೇಲೆ ಕೆಳಗಿನೂರಿನ ತೂಬು ತೆರೆಯಬೇಕು ಎಂಬುದು ತೀರ್ಮಾನ. ಗುರಿ ಒಂದೇ ವಾಕ್ಯದಲ್ಲಿರಬೇಕಿತ್ತು, ಏಕೆಂದರೆ ಜಲಾಶಯದ ಮುಂದೆ ನೆಡುವ ಫಲಕದಲ್ಲಿ ಅಷ್ಟೇ ಜಾಗ.

ಕತ್ತರಿಯ ಮನೆ ಮೇಲಿನೂರಿನಲ್ಲಿ. ತಂಗಿಯನ್ನು ಕೊಟ್ಟದ್ದು ಕೆಳಗಿನೂರಿಗೆ. ಅಲ್ಲಿನ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿ ತಂಗಿಯದು. ನಲ್ಲಿ ಬತ್ತಿದ ಮೇಲೆ ಅವಳು ಬೆಡ್‌ಶೀಟುಗಳ ಗಂಟು ಕಟ್ಟಿಕೊಂಡು ಅಕ್ಕನ ಮನೆಗೇ ಬಂದಿಳಿದಿದ್ದಳು. ಹಾಲಿನಲ್ಲಿ, ಅಡುಗೆಮನೆಯಲ್ಲಿ, ಪುಸ್ತಕದ ಕಪಾಟಿನ ಮೇಲೆ, ಎಲ್ಲೆಲ್ಲೂ ಬಿಳಿ ಶೀಟು. ಕತ್ತರಿಯ ಗಂಡ ಪಾಪ, ಶೀಟು ಸರಿಸಿ ತನ್ನ ಊಟದ ತಟ್ಟೆ ಹುಡುಕಿಕೊಳ್ಳುತ್ತಿದ್ದ.

"ಸೋಮವಾರ ನಾನು ಅಲ್ಲೇ ಲಾಂಡ್ರಿ ಶುರು ಮಾಡದಿದ್ರೆ ಆಸ್ಪತ್ರೆಯವ್ರು ಬೇರೆಯವ್ರನ್ನ ನೋಡ್ಕೋತಾರಂತೆ ಅಕ್ಕಾ," ಎಂದಳು ತಂಗಿ. "ಆಮೇಲೆ ನಾನು ಅಂಗಡಿ ಬಾಗಿಲು ಹಾಕೋದೇ."

"ತಲೆ ಕೆಡಿಸ್ಕೋಬೇಡ. ವಾಕ್ಯ ಬರೆಯೋಳು ನಾನು ತಾನೇ?" ಎಂದಳು ಕತ್ತರಿ.

ಸಭೆಯಲ್ಲಿ ಎಲ್ಲರೂ ಬಾಟಲಿ ನೀರನ್ನು ಎರಡು ಗುಟುಕು ಕುಡಿದು, ಮಿಕ್ಕದ್ದನ್ನು ಹಾಗೇ ಬಿಟ್ಟು, ನೀರಿನ ಮಹತ್ವದ ಬಗ್ಗೆ ಮಾತನಾಡಿದರು. ನೀರು ಉಳಿಸಬೇಕು ಎಂಬುದಕ್ಕೆ ಯಾರದೂ ತಕರಾರಿಲ್ಲ. ತಕರಾರು ಹುಟ್ಟಿದ್ದು ಆ ಮಾತಿನ ಬಾಲದಲ್ಲಿ.

"'ಉಳಿಸಿಕೊಳ್ಳಬೇಕು' ಅಂತ ಬರೀರಿ," ಎಂದರು ಮೇಲಿನೂರಿನ ಅಧ್ಯಕ್ಷರು. "ನಮ್ಮ ಹತ್ರ ಇರೋದನ್ನ ನಾವು ಉಳಿಸಿಕೊಳ್ಳೋದು ತಪ್ಪಾ?"

ಕೆಳಗಿನೂರಿನ ಅಧ್ಯಕ್ಷರು ಕುರ್ಚಿ ಬಿಟ್ಟು ಎದ್ದರು. "ನೀವು ಉಳಿಸಿಕೊಂಡ್ರೆ ನಾವೇನು ಮಣ್ಣು ತಿನ್ನೋದಾ? 'ಉಳಿಸಿಕೊಡಬೇಕು' ಅಂತ ಬರೀರಿ!"

"ಕೊಡೋ ಮಾತೇ ಇಲ್ಲ."

"ಹಾಗಾದ್ರೆ ಕೊಳ್ಳೋ ಮಾತೂ ಇಲ್ಲ."

ಕೊಡು-ಕೊಳ್ಳುಗಳ ಈ ಜಗಳ ವಾರವೆಲ್ಲ ನಡೆಯಿತು. ಭಾಷಾತಜ್ಞರೊಬ್ಬರನ್ನು ಕರೆಸಿದರು. ಅವರು ಒಂದು ಹೊತ್ತು ಇವರ ಜೊತೆ, ಇನ್ನೊಂದು ಹೊತ್ತು ಅವರ ಜೊತೆ ಊಟ ಮಾಡಿ, ಎರಡೂ ಸರಿ ಎಂದು ಹೇಳಿ ಬಸ್ಸು ಹತ್ತಿದರು. ನಡುವಿನ ಊರಿನವರು "ಉಳಿಸಿಕೊಂಡು ಕೊಡಬೇಕು" ಎಂದು ಸೂಚಿಸಿ ಎರಡೂ ಕಡೆಯಿಂದ ಬೈಸಿಕೊಂಡರು.

ಶುಕ್ರವಾರ ಕತ್ತರಿ ಎದ್ದು ಬೋರ್ಡಿನ ಮೇಲೆ ಬರೆದಳು: "ನೀರನ್ನು ಉಳಿಸಲಾಗುವುದು."

ಅದರಲ್ಲಿ ಕೊಡುವುದಿರಲಿಲ್ಲ, ಕೊಳ್ಳುವುದಿರಲಿಲ್ಲ. ಯಾರು, ಯಾರಿಗೆ ಎಂಬ ಪೀಕಲಾಟವೂ ಇರಲಿಲ್ಲ. ಇಬ್ಬರು ಅಧ್ಯಕ್ಷರೂ ಗೆದ್ದದ್ದು ತಾವೇ ಎಂದುಕೊಂಡು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಚಪ್ಪಾಳೆಯಾಯಿತು, ಸಹಿಯಾಯಿತು, ಫೋಟೊ ಆಯಿತು. ಕತ್ತರಿಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ನನ್ನಕ್ಕ ಅಂದ್ರೆ ನನ್ನಕ್ಕ!" ಎಂದು ತಂಗಿ ಅವಳ ಕೆನ್ನೆ ಹಿಂಡಿ, ಗಂಟುಗಳನ್ನು ವ್ಯಾನಿಗೆ ಹೇರಿಕೊಂಡು ಊರಿಗೆ ಹೊರಟಳು.

ಭಾನುವಾರ ಬೆಳಿಗ್ಗೆ ತಂಗಿಯ ಫೋನು ಬಂತು. ನಲ್ಲಿಯಲ್ಲಿ ಗಾಳಿ ಬಿಟ್ಟರೆ ಏನೂ ಬರುತ್ತಿಲ್ಲ. ಕತ್ತರಿ ಎದ್ದವಳೇ ಜಲಾಶಯಕ್ಕೆ ಓಡಿದಳು. ತೂಬಿನ ಎಂಜಿನಿಯರು ಅವಳ ವಾಕ್ಯಕ್ಕೆ ಆಗಲೇ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ.

"ತೂಬು ಯಾಕ್ರೀ ತೆರೆದಿಲ್ಲ?"

"ಉಳಿಸಲಾಗುವುದು ಅಂತಿದೆಯಲ್ಲ ಮೇಡಂ. ತೆರೆದ್ರೆ ನೀರು ಹೋಗುತ್ತೆ, ಉಳಿಯುತ್ತಾ?"

"ಸಹಿ ಆದ್ಮೇಲೆ ತೆರೀಬೇಕು ಅಂತ ಮೊದಲೇ ತೀರ್ಮಾನ ಆಗಿದೆ!"

ಎಂಜಿನಿಯರು ಆ ಹಾಳೆಯನ್ನೂ ತೆಗೆದು ತೋರಿಸಿದ. ಅದೂ ಕತ್ತರಿ ಬರೆದದ್ದೇ. "ತೂಬನ್ನು ತೆರೆಯಲಾಗುವುದು."

"ತೆರೆಯಲಾಗುವುದು. ನಾನೇನು ಬೇಡ ಅಂದ್ನಾ?" ಎಂದ ಅವನು, ಬಹಳ ವಿನಯದಿಂದ. "ಯಾರು ತೆರೀತಾರೋ ಅವ್ರು ಬರ್ಲಿ ಅಂತ ನಾನೂ ಕಾಯ್ತಾ ಇದೀನಿ."

ಕತ್ತರಿ ಅಲ್ಲಿಂದ ಮೇಲಿನೂರಿನ ಅಧ್ಯಕ್ಷರ ಮನೆಗೆ ಹೋಗಿ ಗೋಗರೆದಳು. ಅವರು ತೋಟದ ಹುಲ್ಲಿಗೆ ಪೈಪು ಹಿಡಿದು ನಿಂತಿದ್ದರು. ಒಂದಕ್ಷರ ಬದಲಿಸಬೇಕಾದರೂ ಮತ್ತೆ ಎಲ್ಲ ಊರುಗಳ ಸಭೆ ಸೇರಬೇಕು ಎಂದರು. ಸಭೆ ಯಾವಾಗ ಎಂದು ಕೇಳಿದಳು.

"ದಿನಾಂಕವನ್ನು ನಿಗದಿಪಡಿಸಲಾಗುವುದು," ಎಂದರು ಅಧ್ಯಕ್ಷರು. ಈ ಭಾಷೆಯನ್ನು ಅವರು ಕಲಿತದ್ದೂ ಕತ್ತರಿಯಿಂದಲೇ.

ಸೋಮವಾರ ಸಂಜೆ ಅವಳು ಕೆಳಗಿನೂರಿಗೆ ಹೋದಾಗ ಲಾಂಡ್ರಿಯ ಯಂತ್ರಗಳು ಬಾಯಿ ತೆರೆದು ಖಾಲಿ ನಿಂತಿದ್ದವು. ಆಸ್ಪತ್ರೆಯ ವ್ಯಾನು ಗಂಟುಗಳನ್ನೆಲ್ಲ ಬೇರೆಯವರಲ್ಲಿಗೆ ಒಯ್ದಿತ್ತು. ತಂಗಿ ಮಗುಚಿದ ಬಕೆಟ್ಟಿನ ಮೇಲೆ ಕೂತಿದ್ದಳು.

"ಆ ವಾಕ್ಯ ನೀನೇ ಬರೆದದ್ದಾ ಅಕ್ಕಾ?"

"ಬರವಣಿಗೆಯಲ್ಲಿ ಸ್ವಲ್ಪ ತಪ್ಪಾಗಿದೆ ಅಂತ..."

"ಆಗಿದೆಯಾ? ತಾನಾಗೇ ಆಯ್ತಾ?"

ಚಿಕ್ಕಂದಿನಲ್ಲಿ ಇವಳ ಜಡೆ ಹೆಣೆದದ್ದು ತಾನೇ, ಈಗ ಇವಳ ಹೊಟ್ಟೆಯ ಮೇಲೆ ಹೊಡೆದದ್ದೂ ತಾನೇ. ಕತ್ತರಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಇಲ್ಲ ಕಣೆ. ನಾನು ಬರೆದೆ. ಚಪ್ಪಾಳೆ ಆಸೆಗೆ ಬರೆದೆ. ನಾನು ತಪ್ಪು ಮಾಡಿದೆ. ನನ್ನ ಕ್ಷಮಿಸ್ತೀಯಾ?"

ಎಷ್ಟೋ ವರ್ಷದ ಮೇಲೆ ಅವಳ ಬಾಯಿಂದ ಕರ್ತೃವಿದ್ದ ಮಾತು ಬಂದಿತ್ತು. ತಂಗಿ ಅವಳನ್ನೇ ನೋಡಿದಳು. ಆಮೇಲೆ ಎದ್ದು, ಸೆರಗಿನಿಂದ ಕಣ್ಣೊರೆಸಿಕೊಂಡು, ಅಂಗಡಿಯ ಷಟರಿಗೆ ಕೈ ಹಾಕಿದಳು.

"ಕ್ಷಮಿಸಲಾಗುವುದು," ಎಂದು ಹೇಳಿ ಷಟರು ಎಳೆದಳು.